ಹುಳಿ ಹಾಕದ ಪತ್ರೊಡೆ

ನೆನೆಹಾಕಿದ ಹುಳಿ ಗ್ರೈಂಡರಿನ ಪಕ್ಕದಲ್ಲೇ ಇತ್ತು. ಕುಸುಮ ಅದನ್ನು ನೋಡಿದಳು, ನೋಡಿಯೂ ಸ್ವಿಚ್ ಒತ್ತಿದಳು. ಅಕ್ಕಿ, ಕಾಯಿತುರಿ, ಹುರಿದ ಮೆಣಸು, ಕೊತ್ತಂಬರಿ, ಬೆಲ್ಲ ಎಲ್ಲ ಸೇರಿ ಕೆಂಪಗೆ ತಿರುಗತೊಡಗಿದವು. ಹುಳಿ ಹಾಕುವುದಿದ್ದರೆ ಇದೇ ಹೊತ್ತು. ಕೆಸುವಿನ ಎಲೆಗೆ ಹುಳಿ ಬೀಳದಿದ್ದರೆ ನಾಲಿಗೆಯಿಂದ ಹಿಡಿದು ಗಂಟಲಿನ ತಳದವರೆಗೆ ತುರಿಸುತ್ತದೆ ಎಂಬುದನ್ನು ಈ ಊರಿನಲ್ಲಿ ಅಡುಗೆ ಒಲೆಯ ಮುಂದೆ ನಿಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅವಳ ಕೈಗಂತೂ ಅದು ಎಷ್ಟು ಅಭ್ಯಾಸವೆಂದರೆ, ಎರಡು ಸಲ ಕೈ ತಾನಾಗಿಯೇ ಆ ಪಾತ್ರೆಯ ಕಡೆ ಹೋಯಿತು, ಎರಡು ಸಲವೂ ಹಿಂದಕ್ಕೆ ಎಳೆದುಕೊಂಡಳು. ಹಾಕುವುದಿಲ್ಲ. ನಿನ್ನೆ ಎಲೆ ಕೊಯ್ಯಲು ಹೋದಾಗ ಹಲಸಿನ ಮರದ ಮೇಲೆ ಸೊಂಪಾಗಿ ಬೆಳೆದಿದ್ದ ಮರಕೆಸುವನ್ನು ಬಿಟ್ಟು, ನೀರು ಹರಿಯುವ ತೋಡಿನ ಬದಿಯ, ಹೆಚ್ಚು ತುರಿಸುವ ಕೆಸುವಿಗೆ ಬಾಗಿದ್ದಳಲ್ಲ, ಆಗಲೇ ನಿರ್ಧಾರವಾಗಿತ್ತು. ತಿನ್ನಲಿ. ಶಶಿಯಕ್ಕ ತಿನ್ನಲಿ, ಅವಳ ಮಹಿಳಾ ವೃಂದದ ಸೀರೆಗಳೆಲ್ಲ ತಿನ್ನಲಿ, ವೇದಿಕೆಯ ಮೇಲೆ ಮೈಕಿನ ಮುಂದೆ ಕೂತು ಗಂಟಲು ಕೆರೆದುಕೊಳ್ಳಲಿ. ಉಪ್ಪು ತಿಂದವರು ನೀರು ಕುಡಿಯಬೇಕಲ್ಲ, ಕುಡಿಯಲಿ. ಹುಳಿನೀರನ್ನು ಸಿಂಕಿಗೆ ಸುರಿದು, ಪಾತ್ರೆ ತೊಳೆದು ಕವುಚಿ ಹಾಕಿದಳು.

ಇವತ್ತು ಬಿ.ಸಿ.ರೋಡಿನ ಸಮಾರಂಭದ ಹಾಲಿನಲ್ಲಿ ‘ಆಟಿಡೊಂಜಿ ದಿನ’. ಮಳೆಗಾಲದ ಆಟಿ ತಿಂಗಳ ಒಂದು ದಿನವಂತೆ! ಕುಸುಮ ಹುಟ್ಟಿದ ಮನೆಯಲ್ಲಿ ಆಟಿಗೆ ಒಂದೇ ದಿನ ಇರಲಿಲ್ಲ, ಮುಗಿಯದ ಒಂದು ತಿಂಗಳು ಇತ್ತು. ಗದ್ದೆಯ ಕೆಲಸ ಮುಗಿದು, ಡಬ್ಬಿಯ ಅಕ್ಕಿಯೂ ಮುಗಿದು, ಅಮ್ಮ ರಸ್ತೆ ಬದಿಯ ತಜಂಕ್ ಸೊಪ್ಪು, ತೋಡಿನ ಕೆಸು, ಬೂದಿಯಲ್ಲಿ ಹೂತಿಟ್ಟ ಹಲಸಿನ ಬೀಜ ಇವುಗಳಿಂದಲೇ ಮನೆ ನಡೆಸುತ್ತಿದ್ದ ತಿಂಗಳು. ಅದನ್ನೇ ಈಗ ಇವರು ಹುಡುಕಿ ತೆಗೆದಿದ್ದಾರೆ. ಬಾಳೆದಿಂಡು ಕಟ್ಟಿದ ವೇದಿಕೆ, ಬಾಡಿಗೆಗೆ ತಂದ, ಭತ್ತ ಅಳೆಯುವ ಹಳೆಯ ಕಳಸೆ, ಕಡೆಯುವ ಕಲ್ಲು, ಅದರ ಪಕ್ಕ ನಿಂತು ಫೋಟೋ. ಸಾಲು ಮೇಜಿನ ಮೇಲೆ ತಜಂಕ್ ವಡೆ, ಎಳೆ ಬಿದಿರಿನ ಕಣಿಲೆ ಪಲ್ಯ, ಹುರುಳಿ ಸಾರು. ಹಸಿವೆಗೂ ಒಂದು ಬ್ಯಾನರ್ ಕಟ್ಟಿ ಅಧ್ಯಕ್ಷರನ್ನು ಕೂರಿಸಬಹುದು ಎಂದು ಅಮ್ಮನಿಗೆ ಆಗ ಯಾರಾದರೂ ಹೇಳಿದ್ದರೆ ನಂಬುತ್ತಿದ್ದಳೇ? ಈ ಸಲದ ಅಧ್ಯಕ್ಷೆ ಶಶಿಪ್ರಭಾ. ಕುಸುಮನ ಗಂಡ ಭೋಜನ ಅಕ್ಕ. ಮಸ್ಕತ್ತಿನಲ್ಲಿ ಅಷ್ಟು ವರ್ಷ ಇದ್ದು, ಗಂಡನ ಕೆಲಸ ಮುಗಿದ ಮೇಲೆ ಬಿ.ಸಿ.ರೋಡಿನಲ್ಲಿ ಫ್ಲಾಟ್ ತೆಗೆದುಕೊಂಡು, ಬಂದ ಮಳೆಗಾಲದಲ್ಲೇ ತುಳುನಾಡಿನ ಅಡುಗೆಯನ್ನು ಕಂಡುಹಿಡಿದವಳು.

ಕಂಡುಹಿಡಿದದ್ದು ಕುಸುಮನ ಅಡುಗೆಮನೆಯಲ್ಲಿ. ಫೋನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್ ಹಿಡಿದುಕೊಂಡು ಬರುತ್ತಿದ್ದಳು. “ನೀನು ನಿನ್ನಷ್ಟಕ್ಕೆ ಮಾಡು ಕುಸುಮ, ನಾನು ಹಿಂದಿನಿಂದ ಹೇಳ್ತಾ ಹೋಗ್ತೇನೆ. ಮುಖ ಬೇಡ, ಕೈ ಮಾತ್ರ ಸಾಕು.” ಮೊದಲನೆಯ ದಿನ ಕುಸುಮನಿಗೆ ಅದು ಸಂಕೋಚದಿಂದ ಪಾರಾದ ಹಾಗೆಯೇ ಅನಿಸಿತ್ತು. ತಲೆ ಬಾಚಬೇಕಾಗಿಲ್ಲ, ಸೀರೆ ಬದಲಿಸಬೇಕಾಗಿಲ್ಲ. ಆಮೇಲೆ ವೀಡಿಯೋ ನೋಡಿದಳು. ಎಲೆಯ ನಾರು ತೆಗೆಯುವ ಕೈ, ಹಿಟ್ಟು ಸವರುವ ಕೈ, ಎಲೆಯ ಮೇಲೆ ಎಲೆ ಇಟ್ಟು ಸುರುಳಿ ಸುತ್ತುವ ಕೈ ಅವಳದು. ಕೊನೆಯಲ್ಲಿ ಬೆಂದ ಪತ್ರೊಡೆಯ ತಟ್ಟೆ ಹಿಡಿದು ನಗುವ ಮುಖ ಶಶಿಯಕ್ಕನದು. ಕೆಳಗೆ ಯಾರು ಯಾರೋ ಬರೆದಿದ್ದರು: ಮೇಡಂ ನಿಮ್ಮ ಕೈರುಚಿ ನೋಡಿದರೇ ಗೊತ್ತಾಗ್ತದೆ. ನೋಡಿದರೆ ರುಚಿ ಗೊತ್ತಾಗುವ ಮಹಾನುಭಾವರು! ಅದನ್ನಾದರೂ ನುಂಗಿಕೊಂಡಳು. ಆದರೆ ಮೂರನೆಯ ವೀಡಿಯೋಗೆ ಶಶಿಯಕ್ಕ ತನ್ನ ಚಿನ್ನದ ಬಳೆಗಳನ್ನು ತೆಗೆದು ಮುಂದೆ ಹಿಡಿದಳು. “ನಿನ್ನ ಗಾಜಿನ ಬಳೆ ತೆಗೆದು ಇದನ್ನು ಹಾಕ್ಕೋ. ಕೊನೆಗೆ ನಾನು ತಟ್ಟೆ ಹಿಡೀವಾಗ ಬೇರೆ ಕೈಯ ಹಾಗೆ ಕಾಣಬಾರದಲ್ವಾ.” ಕುಸುಮ ಹಾಕಿಕೊಂಡಳು. ಹಾಕಿಕೊಂಡಳಲ್ಲ, ಅದೇ! ಯಾಕೆ ಹಾಕಿಕೊಂಡೆ ಎಂದು ತನ್ನನ್ನೇ ಎಷ್ಟು ಬೈದರೂ ಸಾಲದು. ಅವಳ ಕೈ ಸ್ವಲ್ಪ ದಪ್ಪ. ವೀಡಿಯೋ ಮುಗಿದ ಮೇಲೆ ಬಳೆಗಳು ಹೊರಬರಲಿಲ್ಲ. ಶಶಿಯಕ್ಕ ಸಿಂಕಿನ ಹತ್ತಿರ ನಿಲ್ಲಿಸಿ ಸೋಪು ಹಚ್ಚಿ ಹಚ್ಚಿ ಎಳೆದಳು. ಗೆಣ್ಣಿನ ಹತ್ತಿರ ಚರ್ಮ ಕಿತ್ತು ಉರಿಯುತ್ತಿದ್ದಾಗ, “ಬಳೆಗೆ ಏನಾಗಲಿಲ್ಲ ಅಲ್ವಾ” ಎಂದು ಬೆಳಕಿಗೆ ಹಿಡಿದು ನೋಡಿದಳು. ಹಬೆಯ ಪಾತ್ರೆಗೆ ನೀರಿಡುತ್ತಿದ್ದ ಕುಸುಮ ಈಗಲೂ ಆ ಗೆಣ್ಣನ್ನು ಸವರಿಕೊಂಡಳು. ಗಾಯ ಎಂದೋ ಮಾಸಿತ್ತು, ಸಿಟ್ಟಿಗೆ ಮಾತ್ರ ಪೊರೆ ಕಟ್ಟಿರಲಿಲ್ಲ.

ಹಿಟ್ಟು ಸವರುತ್ತ ಹೋದಳು. ಎಲೆಯ ಹಸಿರು ಬೆನ್ನಿನ ಮೇಲೆ ಕೆಂಪು ಹಿಟ್ಟು, ಅದರ ಮೇಲೆ ಇನ್ನೊಂದು ಎಲೆ. ಮದುವೆಯಾದ ವರ್ಷ ಆಟಿಗೆ ತವರಿಗೆ ಹೋಗಿ ಕೂತು ಬಂದದ್ದು ನೆನಪಾಯಿತು. ಹೊಸ ಮದುಮಗಳು ಆಟಿ ಪೂರ್ತಿ ತವರಿನಲ್ಲಿರಬೇಕು, ಅದು ಕ್ರಮ. ಮಗಳನ್ನು ತಿಂಗಳಿಡೀ ಸಾಕಬೇಕಾದ ತವರಿನ ಡಬ್ಬಿಯಲ್ಲಿ ಏನುಂಟು ಎಂದು ಕ್ರಮ ಮಾಡಿದವರು ಕೇಳಿರಲಿಲ್ಲ. ಅಮ್ಮ ಸೇಸಮ್ಮ ಅದು ಹೇಗೋ ಸಾಕಿದಳು. ತಿಂಗಳು ಮುಗಿದಾಗ ವೇಣೂರಿನಿಂದ ಎರಡು ಬಸ್ಸು ಬದಲಿಸಿ ತಾನೇ ಕರೆದುಕೊಂಡು ಬಂದು ಬಿಟ್ಟಳು. ಬರಿಗೈಯಲ್ಲಿ ಬರಬಾರದೆಂದು ಬಾಳೆಲೆಯಲ್ಲಿ ಕಟ್ಟಿದ ತಜಂಕ್ ಪಲ್ಯ, ಕೆಸುವಿನ ಪತ್ರೊಡೆ ತಂದಿದ್ದಳು. ಈ ಮನೆಯಲ್ಲೂ ಪತ್ರೊಡೆ ತಿನ್ನುತ್ತಿದ್ದರು, ಆದರೆ ಮರಕೆಸುವಿನದ್ದು. ಮಸ್ಕತ್ತಿನಿಂದ ರಜೆಗೆ ಬಂದಿದ್ದ ಶಶಿಯಕ್ಕ ಕಟ್ಟು ಬಿಚ್ಚಿ ಮೂಸಿ, “ಅಯ್ಯೋ ಅಮ್ಮಾ, ಇದು ತೋಡಿನ ಕೆಸು. ನಮ್ಮಲ್ಲಿ ದನ ಸಹ ಮುಟ್ಟುವುದಿಲ್ಲ” ಎಂದಳು. ಅತ್ತೆ ಕಟ್ಟನ್ನು ಅಕ್ಕಚ್ಚಿನ ಬಾಲ್ದಿಗೆ ಹಾಕಿದರು. ಆಮೇಲೆ ದನ ಅದನ್ನು ಚೆನ್ನಾಗಿಯೇ ತಿಂದಿತು. ಚಾವಡಿಯಲ್ಲಿ ಬೆಲ್ಲ ನೀರು ಕುಡಿಯುತ್ತಿದ್ದ ಅಮ್ಮನಿಗೆ ಎಲ್ಲ ಕೇಳಿಸಿತ್ತು. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, “ಬಸ್ಸು ತಪ್ತದೆ, ಬರ್ತೇನೆ” ಎಂದು ಹೊರಟಳು. ಆ ಶಶಿಯಕ್ಕನೇ ಈಗ ಮೈಕಿನಲ್ಲಿ ‘ನಮ್ಮ ಹಿರಿಯರ ಪ್ರಕೃತಿದತ್ತ ಆಹಾರ’ ಎಂದು ಹೇಳುವಾಗ ಕುಸುಮನ ಮೈಯೆಲ್ಲ ಉರಿಯುತ್ತದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆ ಹೋದರು, ಸೊಸೆಯ ಕಾಲ ಮಾತ್ರ ಬರಲೇ ಇಲ್ಲ, ನಡುವೆ ನಾದಿನಿ ಎತ್ತಿಕೊಂಡು ಹೋದಳು.

ಬರುತ್ತಿತ್ತು, ಒಮ್ಮೆ ಬಾಗಿಲವರೆಗೆ ಬಂದಿತ್ತು. ಮೆಲ್ಕಾರಿನಲ್ಲಿ ಭೋಜನ ಪೈಂಟಿನ ಅಂಗಡಿಯ ಪಕ್ಕದಲ್ಲಿ ಅಬ್ದುಲ್ ಸಮದರ ಹೋಟೆಲ್. ಭೋಜ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸಮದರಿಗೂ ಒಂದು ತುಂಡು ಕೊಟ್ಟಿದ್ದನಂತೆ. ಅವರು ತಿಂದು, ಕೈ ತೊಳೆಯದೆ ಹಾಗೆಯೇ ಅಂಗಡಿಗೆ ಬಂದು, “ಇದು ನಿಮ್ಮ ಮನೆಯವರು ಮಾಡಿದ್ದಾ? ನನ್ನ ಕಪಾಟಿನಲ್ಲಿ ಇಡುವ, ಭೋಜಣ್ಣ. ಕುಸುಮಕ್ಕನ ಪತ್ರೊಡೆ ಅಂತ ಬೋರ್ಡೇ ಬರೆಸ್ತೇನೆ” ಎಂದರಂತೆ. ಭೋಜ ಅದನ್ನು ಊಟ ಮಾಡುತ್ತ ತಮಾಷೆಯ ಹಾಗೆ ಹೇಳಿದ. ಕುಸುಮನ ಕೈಯಲ್ಲಿದ್ದ ಸೌಟು ನಿಂತಿತು. “ನೀವು ಎಂತ ಹೇಳಿದ್ರಿ?” “ಆಗುವುದಿಲ್ಲ ಅಂದೆ. ಹೋಟೆಲಿನಲ್ಲಿ ನಿನ್ನ ಹೆಸರು ಹಾಕಿದ್ರೆ ಅಕ್ಕನಿಗೆ ಸರಿ ಕಾಣ್ತದಾ ಮಾರಾಯ್ತಿ?” ಅಷ್ಟೇ. ಅವನು ಮಜ್ಜಿಗೆ ಕೇಳಿದ, ಅವಳು ಬಡಿಸಿದಳು. ಆಮೇಲೆ ಎಷ್ಟೋ ದಿನ, ಬಸ್ಸಿನಲ್ಲಿ ಮೆಲ್ಕಾರು ದಾಟುವಾಗಲೆಲ್ಲ, ಆ ಹೋಟೆಲಿನ ಗಾಜಿನ ಕಪಾಟಿನ ಮೇಲೆ ಇಲ್ಲದ ಬೋರ್ಡನ್ನು ಅವಳು ಓದುತ್ತಿದ್ದಳು. ಗೋಳಿಬಜೆ, ಬನ್ಸ್, ಕುಸುಮಕ್ಕನ ಪತ್ರೊಡೆ. ಭೋಜ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಈಗ ಅವನೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. “ಪರಿಮಳ ಗೇಟಿನವರೆಗೆ ಬರ್ತಾ ಉಂಟು. ಒಂದು ತುಂಡು ಕೊಡುತ್ತೀಯಾ?” ಕುಸುಮ ತಿರುಗಿ ನೋಡದೆ, “ಅಕ್ಕನ ಲೆಕ್ಕದ್ದು. ಮುಟ್ಟಬೇಡಿ” ಎಂದಳು. ಅವನು ನಕ್ಕ. “ಪಾತ್ರೆ ಎಲ್ಲ ರಿಕ್ಷಾದಲ್ಲಿ ತಂದುಬಿಡು. ನನಗೆ ಕಾರಿನಲ್ಲಿ ಸ್ವಲ್ಪ ಬೇರೆ ಕೆಲಸ ಉಂಟು. ಸೀದಾ ಹಾಲಿಗೆ ಬರ್ತೇನೆ.” ಭಾನುವಾರ ಏನು ಕೆಲಸ ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು. ಅವನ ಮುಖದಲ್ಲಿ ಏನೋ ಗುಟ್ಟು ಇಟ್ಟುಕೊಂಡ ಮಕ್ಕಳ ಖುಷಿ ಇತ್ತು, ಅದನ್ನು ನೋಡುವ ವ್ಯವಧಾನ ಅವಳಿಗಿರಲಿಲ್ಲ. ಬೆಂದ ಸುರುಳಿಗಳನ್ನು ಕೊಯ್ಯುತ್ತಿದ್ದಾಗ ಅಂಚಿನ ಒಂದು ಚೂರನ್ನು ನಾಲಿಗೆಯ ತುದಿಗೆ ಇಟ್ಟುಕೊಂಡಳು. ಮೊದಲು ಖಾರ, ಬೆಲ್ಲ, ಕಾಯಿಯ ಹಿತವಾದ ರುಚಿ. ಆಮೇಲೆ ಸಣ್ಣಗೆ ಶುರುವಾಯಿತು, ಸೂಜಿ ಚುಚ್ಚಿದ ಹಾಗೆ. ಉಗಿದು ಬಾಯಿ ಮುಕ್ಕಳಿಸಿದಳು. ಸರಿಯಾಗಿತ್ತು.

ಹಾಲಿನಲ್ಲಿ ಜನ ತುಂಬಿದ್ದರು. ಕುಸುಮನನ್ನು ಹಿಂದಿನ ಬಾಗಿಲಿನಿಂದ ಒಳಗೆ ಬಿಟ್ಟರು, ಪಾತ್ರೆಗಳಿದ್ದವಲ್ಲ. ಬಡಿಸುವವರು ಹಾಳೆತಟ್ಟೆಗಳಲ್ಲಿ ಒಂದೊಂದೇ ತುಂಡು ಜೋಡಿಸುತ್ತಿರುವಾಗ ಶಶಿಯಕ್ಕ ರೇಷ್ಮೆ ಸೀರೆ ಸರಬರ ಮಾಡುತ್ತ ಬಂದಳು. “ಆಯ್ತಾ ಕುಸುಮ? ಬಣ್ಣ ಲಾಯ್ಕ್ ಬಂದಿದೆ.” ಕುಸುಮ ಒಂದು ತುಂಡನ್ನು ಎತ್ತಿ ಅವಳ ಮುಂದೆ ಹಿಡಿದಳು. “ನೀವು ಮೊದಲು ನೋಡಿ ಶಶಿಯಕ್ಕ.” “ನಾನಾ? ಅಯ್ಯೋ, ನನಗೆ ಕೆಸು ಆಗಿ ಬರುವುದಿಲ್ಲ ಮಾರಾಯ್ತಿ. ಮಸ್ಕತ್ತಿನಲ್ಲಿರುವಾಗಲೇ ಬಿಟ್ಟಿದ್ದೇನೆ. ಗ್ಯಾಸ್ ಆಗ್ತದೆ.” ಅವಳು ಹಾಳೆತಟ್ಟೆಯೊಂದರ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ, ತಲೆ ಓರೆ ಮಾಡಿ ನೋಡಿ, ಹೊರಟುಹೋದಳು. ಕುಸುಮ ಎತ್ತಿದ ತುಂಡನ್ನು ಹಿಡಿದುಕೊಂಡೇ ನಿಂತಳು. ಇಷ್ಟೆಲ್ಲ ಹೇಳಿ, ಇಷ್ಟೆಲ್ಲ ತೋರಿಸಿ, ತಟ್ಟೆ ಹಿಡಿದು ನಕ್ಕು, ಇವಳು ಒಂದು ದಿನವೂ ತಿಂದಿರಲಿಲ್ಲ. ಆ ವೀಡಿಯೋಗಳ ಕೊನೆಯಲ್ಲಿ ಬಾಯಿಯ ಹತ್ತಿರ ತಂದು ಕಣ್ಣು ಮುಚ್ಚುತ್ತಿದ್ದಳಲ್ಲ, ಕಣ್ಣು ಮಾತ್ರ ಮುಚ್ಚುತ್ತಿದ್ದಳು. ಸೇಡು ಎಂದುಕೊಂಡದ್ದು ಅವಳ ಗಂಟಲಿಗೆ ತಲುಪುವಂಥದ್ದೇ ಅಲ್ಲ. ಇಲ್ಲಿಗೇ ನಿಲ್ಲಿಸಬಹುದಿತ್ತು. ಪಾತ್ರೆ ಮುಚ್ಚಿ, ಹಾಳಾಗಿದೆ ಎಂದು ಹೇಳಬಹುದಿತ್ತು. ಆದರೆ ಸಿಟ್ಟು ಅಷ್ಟು ಹೊತ್ತಿಗೆ ವಿಳಾಸ ಬದಲಿಸಿಕೊಂಡಿತ್ತು. ಹೋಗಲಿ, ಉಳಿದವರು ತಿನ್ನಲಿ. ಮೇಡಂ ನಿಮ್ಮ ಕೈರುಚಿ ಎಂದು ಬರೆದವರು, ಅಧ್ಯಕ್ಷರ ಪಕ್ಕ ಕೂತವರು, ಚಪ್ಪಾಳೆ ತಟ್ಟುವವರು, ಎಲ್ಲರೂ ಕೆರೆದುಕೊಂಡು ಅವಳ ಮುಖಕ್ಕೇ ಬಯ್ಯಲಿ. ತುಂಡನ್ನು ತಟ್ಟೆಗೆ ಇಟ್ಟಳು.

ವೇದಿಕೆಯಲ್ಲಿ ಶಶಿಯಕ್ಕ ಮಾತಾಡುತ್ತಿದ್ದಳು. ನಿಧಾನವಾದ, ಪುಸ್ತಕದಂಥ ಕನ್ನಡ. “ನಾವು ಮರೆತ ರುಚಿಗಳನ್ನು ಮತ್ತೆ ಹುಡುಕುವ ಸಣ್ಣ ಪ್ರಯತ್ನ ಇದು. ಈ ಪತ್ರೊಡೆಯನ್ನು ನಾನು ಕಲಿತದ್ದು ಒಬ್ಬ ಹಿರಿಯ ಜೀವದಿಂದ. ಇವತ್ತು ಅವರನ್ನೇ ಇಲ್ಲಿಗೆ ಕರೆಸಿದ್ದೇವೆ. ಮೊದಲ ತುತ್ತು ಅವರಿಗೆ.” ಪಕ್ಕದ ಪರದೆ ಸರಿಯಿತು. ಭೋಜ ಕೈಹಿಡಿದು ನಡೆಸಿಕೊಂಡು ಬರುತ್ತಿದ್ದ. ಮೊದಲು ಕಂಡದ್ದು ಕುಸುಮನೇ ದೀಪಾವಳಿಗೆ ಕೊಟ್ಟ ನೀಲಿ ಸೀರೆ. ಸೇಸಮ್ಮ. ಅಮ್ಮ. ಅಷ್ಟು ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಚಪ್ಪಲಿಯನ್ನು ಎಲ್ಲಿ ಬಿಡಬೇಕೆಂದು ಹುಡುಕುತ್ತ ವೇದಿಕೆ ಹತ್ತಿದಳು. ಕುರ್ಚಿಯ ಅಂಚಿನಲ್ಲಿ ಕೂತಳು. ಯಾರೋ ಶಾಲು ಹೊದೆಸಿದರು, ಯಾರೋ ಅಡಿಕೆ ಹಾಳೆಯ ಮುಟ್ಟಾಳೆಯನ್ನು ತಲೆಗೆ ಇಟ್ಟು ಫೋಟೋ ತೆಗೆದರು. ಭೋಜ ಕೆಳಗಿಳಿದು, ಹಿಂದೆ ನಿಂತ ಕುಸುಮನನ್ನು ಕಂಡು, ಹೇಗೆ ಎಂಬ ಹಾಗೆ ಹುಬ್ಬು ಹಾರಿಸಿದ.

ಕುಸುಮ ಓಡಿದಳು. ಓಡಿದೆ ಎಂದುಕೊಂಡಳು, ನಿಜವಾಗಿ ಕುರ್ಚಿಗಳ ನಡುವೆ ಕಾಲು ಸಿಕ್ಕಿ ಸಿಕ್ಕಿ ತಡವರಿಸುತ್ತಿದ್ದಳು. ವೇದಿಕೆಯ ಮೆಟ್ಟಿಲ ಹತ್ತಿರ ವೃಂದದ ಒಬ್ಬಾಕೆ ಕೈ ಅಡ್ಡ ಹಿಡಿದಳು. “ಈಗ ಬೇಡ, ವೀಡಿಯೋಗೆ ಅಡ್ಡ ಬರ್ತದೆ. ಪಾತ್ರೆ ಖಾಲಿಯಾದ್ರೆ ಆಮೇಲೆ ತೆಗೆದುಕೊಂಡು ಹೋಗ್ಬಹುದು.” “ಅದು ನನ್ನ ಅಮ್ಮ,” ಎಂದಳು ಕುಸುಮ. “ಹೌದಾ, ಸಂತೋಷ, ಒಂದು ನಿಮಿಷ ನಿಲ್ಲಿ.” ಆ ಕೈಯ ಮೇಲಿಂದ ಅವಳು ನೋಡಿದಳು. ಶಶಿಯಕ್ಕ ಕೊತ್ತಂಬರಿ ಸೊಪ್ಪು ಉದುರಿಸಿದ್ದ ತಟ್ಟೆಯ ತುಂಡಿನಿಂದ ಒಂದು ಚೂರು ಮುರಿದು ಅಮ್ಮನ ಬಾಯಿಗೆ ಇಟ್ಟಳು, ಮುಖ ಮಾತ್ರ ಕೆಮರಾದ ಕಡೆ. ಅಮ್ಮ ಜಗಿದಳು. ಒಮ್ಮೆ ಜಗಿದು ನಿಂತಳು. ಕುಸುಮನಿಗೆ ಆ ನಿಂತದ್ದು ಸಾಕಾಯಿತು. ಗೊತ್ತಾಗಿದೆ. ಉಗಿ ಅಮ್ಮಾ, ಎಂದು ಕೂಗಬೇಕೆಂದುಕೊಂಡಳು. ಒಂದು ಅಗುಳನ್ನೂ ಚೆಲ್ಲದೆ ಬದುಕಿದ ಹೆಂಗಸು ಇಷ್ಟು ಜನರ ಎದುರು ಬಾಯಿಗೆ ಹೋದದ್ದನ್ನು ಉಗಿಯುತ್ತಾಳೆಯೇ? ಅಮ್ಮ ಮತ್ತೆ ಜಗಿದಳು, ನುಂಗಿದಳು. ತಟ್ಟೆಯಲ್ಲಿ ಉಳಿದದ್ದನ್ನು ತಾನೇ ಎತ್ತಿಕೊಂಡು ತಿಂದಳು. ಗಂಟಲ ನರಗಳು ಎದ್ದು ಕಂಡವು. ಕಣ್ಣಿನಿಂದ ನೀರು ಇಳಿಯತೊಡಗಿತು. “ನೋಡಿ, ಅಜ್ಜಿ ಭಾವುಕರಾಗಿದ್ದಾರೆ!” ಎಂದ ನಿರೂಪಕ. ಜೋರಾಗಿ ಚಪ್ಪಾಳೆ ಬಿತ್ತು. ಶಶಿಯಕ್ಕನೂ ಕಣ್ಣು ಒರೆಸಿಕೊಂಡಳು.

“ಅಜ್ಜಿ, ಎರಡು ಮಾತು,” ಎಂದು ಅವನು ಮೈಕನ್ನು ಅಮ್ಮನ ಬಾಯಿಗೆ ಹಿಡಿದ. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸ್ವರ ಒಡೆದು ಒಡೆದು ಬಂತು. “ಉಂದು ಎನ್ನ ಮಗಳ್ ಮಲ್ತಿನ.” ಇದು ನನ್ನ ಮಗಳು ಮಾಡಿದ್ದು. ಆಮೇಲೆ, ಕಲಿತ ಪಾಠ ಒಪ್ಪಿಸುವ ಹಾಗೆ ಕನ್ನಡದಲ್ಲಿ, “ಕುಸುಮ ಅಂತ. ಇವರ ತಮ್ಮನ ಹೆಂಡತಿ. ಇವರಿಗೆ ನಾನು ಏನೂ ಕಲಿಸಲಿಲ್ಲ, ಅವಳಿಗೆ ಕಲಿಸಿದ್ದು. ಲಾಯ್ಕ್ ಮಾಡಿದ್ದಾಳೆ” ಎಂದಳು. ಮತ್ತೆ ಚಪ್ಪಾಳೆ, ಈ ಸಲ ಇನ್ನೂ ಜೋರಾಗಿ, ಕೆಲವರು ಎದ್ದೂ ನಿಂತರು. ಕುಸುಮ ಎಲ್ಲಿದ್ದಾರೆ, ಕುಸುಮ ವೇದಿಕೆಗೆ ಬರಬೇಕು ಎಂದು ನಿರೂಪಕ ಇನ್ನೊಂದು ಮೈಕಿನಲ್ಲಿ ಕೂಗಿದ. ಅಡ್ಡ ಹಿಡಿದಿದ್ದ ಕೈ ಈಗ ಬೆನ್ನು ತಟ್ಟಿ ಮೇಲೆ ಕಳಿಸಿತು. ಇಷ್ಟು ವರ್ಷ ಬೇಕೆಂದಿದ್ದ ಹೆಸರು ಮೈಕಿನಲ್ಲಿ ಮೊಳಗುತ್ತಿತ್ತು. ಕುಸುಮನಿಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ಅಮ್ಮ ಮೈಕನ್ನು ಮಡಿಲಿಗೆ ಇಳಿಸಿ, ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. “ಹುಳಿ ಮರೆತದ್ದಾ?”

“ಅಲ್ಲ.”

“ಬೇಕಂತ?”

“ಹೂಂ.”

ಅಮ್ಮನ ತುಟಿ ಆಗಲೇ ಊದತೊಡಗಿತ್ತು. ಅವಳು ಬಯ್ಯಲಿಲ್ಲ. “ನಗು,” ಎಂದಳು ಮೆಲ್ಲಗೆ. “ಎಲ್ಲರೂ ನೋಡ್ತಿದ್ದಾರೆ. ಹೊಸ ನೀರಿನ ಎಲೆ, ಹಾಗಾಗಿ ಸ್ವಲ್ಪ ತುರಿಸ್ತದೆ ಅಂತ ಹೇಳುವ. ಯಾರಿಗೂ ಗೊತ್ತಾಗುವುದಿಲ್ಲ.” ಕುಸುಮನಿಗೆ ಆ ಕ್ಷಣ ಶಶಿಯಕ್ಕನ ಮೇಲೆ ಬಾರದಷ್ಟು ಸಿಟ್ಟು ಅಮ್ಮನ ಮೇಲೆ ಬಂತು. ಎಲ್ಲವನ್ನೂ ಹೀಗೆ ನುಂಗಿ ನುಂಗಿಯೇ ತನಗೂ ನುಂಗುವುದನ್ನು ಕಲಿಸಿದವಳು ಇವಳೇ. ಕೆಳಗೆ ಹಾಳೆತಟ್ಟೆಗಳು ಸಾಲು ಸಾಲಾಗಿ ಹೋಗುತ್ತಿದ್ದವು. ಕುಸುಮಕ್ಕನ ಪತ್ರೊಡೆ, ಕುಸುಮಕ್ಕನ ಪತ್ರೊಡೆ ಎಂದು ಹೇಳಿಕೊಂಡೇ ಕೊಡುತ್ತಿದ್ದರು. ಅಲ್ಲಿ ಕೂತವರು ಅವಳು ಬೆಳಿಗ್ಗೆಯಿಂದ ಶಪಿಸಿದ ರೇಷ್ಮೆ ಸೀರೆಗಳಾಗಿರಲಿಲ್ಲ. ಕೈಮಗ್ಗದ ಸೀರೆ ಉಟ್ಟ ಅಜ್ಜಿಯಂದಿರು, ಬೀಡಿ ಕಟ್ಟಿ ಬೆರಳು ಕಪ್ಪಾದವರು, ಊಟ ಉಂಟೆಂದು ಕೇಳಿ ಬಂದವರು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ತುಂಡನ್ನು ಎತ್ತಿ ಕಣ್ಣಿಗೊತ್ತಿಕೊಂಡು ಬಾಯಿ ತೆರೆದಳು.

ಕುಸುಮ ಇನ್ನೊಂದು ಕೈಯಿಂದ ಅಮ್ಮನ ಮೈಕನ್ನು ಕಿತ್ತುಕೊಂಡಳು. “ತಿನ್ನಬೇಡಿ!” ಸ್ವರ ಹಾಲಿನ ಗೋಡೆಗೆ ಬಡಿದು ಕಿರುಚಿತು. “ಯಾರೂ ಬಾಯಿಗೆ ಹಾಕಬೇಡಿ. ಅದರಲ್ಲಿ ಹುಳಿ ಇಲ್ಲ. ಮರೆತದ್ದಲ್ಲ. ನಾನೇ ಹಾಕಲಿಲ್ಲ.”

ಶಶಿಯಕ್ಕ ಹಲ್ಲು ಕಚ್ಚಿ, “ಎಂತ ಹುಚ್ಚಾ ನಿನಗೆ?” ಎಂದಳು. ಭೋಜ ಕೆಳಗೆ ಎದ್ದು ನಿಂತಿದ್ದ. ಮಣಿಕಟ್ಟಿನಿಂದ ಅಮ್ಮನ ಕೈ ಸಡಿಲವಾಗಿ ಜಾರಿಹೋದದ್ದು ಕುಸುಮನಿಗೆ ತಿಳಿಯಿತು. ಮುಂದಿನ ಸಾಲಿನ ಮುದುಕಿ ಎತ್ತಿದ ತುಂಡನ್ನು ತಟ್ಟೆಗೆ ಇಟ್ಟು, ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯಲೆಂದು ಕೇಳಿದಳು, “ಯಾಕೆ ಮಗಾ?”

ಹೇಳಬೇಕಾದದ್ದು ಎಷ್ಟೋ ಇತ್ತು. ಬೆಳಿಗ್ಗೆಯಿಂದ, ಎಷ್ಟೋ ವರ್ಷಗಳಿಂದ, ಒಂದೊಂದು ಮಾತನ್ನೂ ತಿದ್ದಿ ತೀಡಿ ಇಟ್ಟುಕೊಂಡಿದ್ದಳು. ಎಲ್ಲರೂ ಕೇಳಲು ಕಾಯುತ್ತಿದ್ದರು, ಮೈಕು ಅವಳ ಕೈಯಲ್ಲೇ ಇತ್ತು. ಪಕ್ಕದಲ್ಲಿ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು.

“ಅಮ್ಮನಿಗೆ ಕೊಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ,” ಎಂದಳು ಕುಸುಮ.